ಚೀನಾದ ಮಾಧ್ಯಮಿಕ ಶಾಲಾ ಮಕ್ಕಳ ಇಂಗ್ಲಿಷ್ ವ್ಯಾಕರಣ ಮತ್ತು ಓದಿನ ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾದ ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಅಭ್ಯಾಸದ ಹಾಳೆಗಳನ್ನು ಸಿದ್ಧಪಡಿಸಲು ಹೊರಟ ಕನ್ನಡಿಗ ಅಧ್ಯಾಪಕರು, ಉದ್ಯೋಗದ ನಿಮಿತ್ತ ಆ ದೇಶದಲ್ಲಿ ನೆಲೆಸಿ ಮಕ್ಕಳನ್ನು ಅಲ್ಲಿನ ಶಾಲೆಗೆ ಕಳುಹಿಸುತ್ತಿರುವ ಪೋಷಕರು ಮತ್ತು ಭಾಷಾಬೋಧನೆಯಲ್ಲಿ ಆಸಕ್ತಿಯುಳ್ಳವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಚೀನೀ ಮಗು ಇಂಗ್ಲಿಷಿನಲ್ಲಿ ತಪ್ಪಿದಾಗ ಬಹುಮಟ್ಟಿಗೆ ಅದರ ಮನೆಮಾತಿನ ವ್ಯಾಕರಣವೇ ಅಲ್ಲಿ ಮಾತನಾಡುತ್ತಿರುತ್ತದೆ ಎಂಬ ನಂಬಿಕೆ ಈ ಎಲ್ಲ ಉತ್ತರಗಳ ಹಿಂದಿದೆ. ಆ ವ್ಯಾಕರಣವನ್ನು ಅರಿಯದೆ ತಯಾರಿಸಿದ ಹಾಳೆ ಎಷ್ಟೇ ಅಂದವಾಗಿದ್ದರೂ ಮಗುವಿನ ಶ್ರಮವನ್ನು ವ್ಯರ್ಥ ಮಾಡುತ್ತದೆ.

ಚೀನಾದಲ್ಲಿ ಮಾಧ್ಯಮಿಕ ಶಾಲೆ ಎಂದರೆ ಯಾವ ತರಗತಿಗಳು?

ಚೀನಾದ ಬಹುಪಾಲು ಪ್ರದೇಶಗಳಲ್ಲಿ ಆರು ವರ್ಷ ಪ್ರಾಥಮಿಕ, ಮೂರು ವರ್ಷ ಕಿರಿಯ ಮಾಧ್ಯಮಿಕ ಮತ್ತು ಮೂರು ವರ್ಷ ಹಿರಿಯ ಮಾಧ್ಯಮಿಕ ಎಂಬ ವಿಭಜನೆಯಿದೆ. ಶಾಂಘೈ ನಗರದಂಥ ಕೆಲವೆಡೆ ಐದು ವರ್ಷ ಪ್ರಾಥಮಿಕ ಮತ್ತು ನಾಲ್ಕು ವರ್ಷ ಕಿರಿಯ ಮಾಧ್ಯಮಿಕ ಎಂಬ ಕ್ರಮ ಹಿಂದಿನಿಂದ ನಡೆದುಬಂದಿದೆ. ಇಲ್ಲಿ ಚರ್ಚಿಸುತ್ತಿರುವುದು ‘ಛೂಝೋಂಗ್’ ಎಂದು ಕರೆಯಲಾಗುವ ಕಿರಿಯ ಮಾಧ್ಯಮಿಕ ಹಂತವನ್ನು, ಅಂದರೆ 7ರಿಂದ 9ನೆಯ ತರಗತಿಯವರೆಗಿನ, ಸುಮಾರು 12ರಿಂದ 15 ವಯಸ್ಸಿನ ಮಕ್ಕಳನ್ನು. 1986ರ ಕಡ್ಡಾಯ ಶಿಕ್ಷಣ ಕಾನೂನಿನಂತೆ ಒಂಬತ್ತು ವರ್ಷಗಳ ಶಿಕ್ಷಣ ಕಡ್ಡಾಯವಾಗಿದ್ದು, ಈ ಹಂತ ಮುಗಿಯುವಲ್ಲಿಗೆ ಕಡ್ಡಾಯ ಶಿಕ್ಷಣವೂ ಮುಗಿಯುತ್ತದೆ. ಇಂಗ್ಲಿಷನ್ನು 2001ರಿಂದೀಚೆಗೆ ಸಾಮಾನ್ಯವಾಗಿ 3ನೆಯ ತರಗತಿಯಲ್ಲಿ ಆರಂಭಿಸುತ್ತಾರೆ. ಹಾಗಾಗಿ 7ನೆಯ ತರಗತಿಗೆ ಬರುವ ಮಗುವಿಗೆ ಭಾಷೆ ಹೊಸದಲ್ಲ. ವ್ಯಾಕರಣವನ್ನು ವ್ಯಾಕರಣವೆಂದು ಹೆಸರಿಟ್ಟು ಕಲಿಯುವುದು ಮಾತ್ರ ಹೊಸದು.

9ನೆಯ ತರಗತಿಯ ಹೊತ್ತಿಗೆ ಮಗು ಎಷ್ಟು ಇಂಗ್ಲಿಷ್ ಕಲಿತಿರಬೇಕು?

ಕಡ್ಡಾಯ ಶಿಕ್ಷಣದ ಇಂಗ್ಲಿಷ್ ಪಠ್ಯಕ್ರಮದ 2022ರ ಆವೃತ್ತಿಯು ಈ ಹಂತದ ಕೊನೆಗೆ ಸುಮಾರು 1,600 ಪದಗಳನ್ನು ನಿಗದಿಪಡಿಸುತ್ತದೆ. ವ್ಯಾಕರಣವು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಬರುತ್ತದೆ: 7ನೆಯ ತರಗತಿಯಲ್ಲಿ ನಿತ್ಯ ವರ್ತಮಾನ, ಈಗ ನಡೆಯುತ್ತಿರುವ ಕ್ರಿಯೆ ಮತ್ತು ಸರಳ ಭೂತಕಾಲ, 8ರಲ್ಲಿ ಹೋಲಿಕೆಯ ರೂಪಗಳು, ‘ಶುಡ್’, ‘ಕುಡ್’ ಮುಂತಾದ ಸಹಾಯಕ ಕ್ರಿಯಾಪದಗಳು ಮತ್ತು ‘ಹ್ಯಾವ್’ ಸೇರಿ ಆಗುವ ಪೂರ್ಣಕಾಲ, 9ರಲ್ಲಿ ಕರ್ಮಣಿ ಪ್ರಯೋಗ, ವಾಕ್ಯದೊಳಗೆ ಕರ್ಮವಾಗಿ ಕೂರುವ ಉಪವಾಕ್ಯ ಮತ್ತು ನಾಮಪದವನ್ನು ವಿಶೇಷಿಸುವ ಉಪವಾಕ್ಯ. ನಮ್ಮ ಕಣ್ಣಿಗೆ 1,600 ಪದ ಸಣ್ಣ ಸಂಖ್ಯೆಯೆಂದು ತೋರಬಹುದು. ಆದರೆ ರಸ್ತೆಯ ಫಲಕದಲ್ಲಿ, ಅಂಗಡಿಯ ಹೆಸರಿನಲ್ಲಿ, ಮನೆಯ ಮಾತಿನಲ್ಲಿ ಇಂಗ್ಲಿಷ್ ದಿನವೂ ಕಿವಿಗೆ ಬೀಳುವ ಬೆಂಗಳೂರು ಅಥವಾ ಮೈಸೂರಿನ ಮಗುವಿನ ಸ್ಥಿತಿಯೇ ಬೇರೆ, ತರಗತಿಯ ಹೊರಗೆ ಆ ಭಾಷೆಯನ್ನು ಬಹುತೇಕ ಕೇಳದೆಯೇ ಬೆಳೆಯುವ ಮಗುವಿನ ಸ್ಥಿತಿಯೇ ಬೇರೆ ಎಂಬುದನ್ನು ಮರೆಯಬಾರದು.

‘ಝೋಂಗ್‌ಖಾವ್’ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಎಷ್ಟು ಮಹತ್ವವಿದೆ?

ಬಹಳ ಮಹತ್ವವಿದೆ. 9ನೆಯ ತರಗತಿಯ ಕೊನೆಗೆ, ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನಡೆಯುವ ಈ ಪರೀಕ್ಷೆಯ ಅಂಕಗಳೇ ಮಗುವು ಸಾಮಾನ್ಯ ಹಿರಿಯ ಮಾಧ್ಯಮಿಕ ಶಾಲೆಗೆ ಹೋಗುವುದೋ ವೃತ್ತಿಶಿಕ್ಷಣದ ಶಾಲೆಗೆ ಹೋಗುವುದೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುತ್ತವೆ. ಪ್ರಶ್ನೆಪತ್ರಿಕೆ ಇಡೀ ದೇಶಕ್ಕೆ ಒಂದೇ ಅಲ್ಲ. ಶಾಂಘೈಯಲ್ಲಿ ವಿದೇಶಿ ಭಾಷೆಗೆ 150 ಅಂಕಗಳಿದ್ದರೆ, ಬೀಜಿಂಗ್‌ನಲ್ಲಿ 2018ರ ಸುಧಾರಣೆಯ ನಂತರ ಇಂಗ್ಲಿಷಿಗೆ ಇರುವ 100 ಅಂಕಗಳಲ್ಲಿ 60 ಲಿಖಿತ ಪರೀಕ್ಷೆಗೂ 40 ಕೇಳುವಿಕೆ ಮತ್ತು ಮಾತಿಗೂ ಮೀಸಲಾಗಿವೆ. ಆದ್ದರಿಂದ ಯಾವ ಊರಿನ ಮಗು ಎಂದು ಕೇಳದೆ ಅಭ್ಯಾಸದ ಹಾಳೆ ತಯಾರಿಸುವುದು ಸರಿಯಲ್ಲ. ಆದರೂ ಎರಡು ವಿಭಾಗಗಳನ್ನು ಹೆಚ್ಚುಕಡಿಮೆ ಎಲ್ಲೆಡೆಯೂ ಕಾಣಬಹುದು: ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸುವ ‘ಯುಯೆದು ಲಿಜ್ಯೆ’ ಮತ್ತು ಒಂದು ಕಥೆಯ ನಡುನಡುವೆ ಬಿಟ್ಟ ಸ್ಥಳಗಳನ್ನು ತುಂಬುವ ‘ವಾನ್‌ಶಿಂಗ್ ಥ್ಯೆನ್‌ಖೋಂಗ್’.

ಮಕ್ಕಳು ವ್ಯಾಕರಣದಲ್ಲಿ ಹೆಚ್ಚಾಗಿ ಎಡವುವುದು ಎಲ್ಲಿ?

ಮೊದಲನೆಯದಾಗಿ ಕ್ರಿಯಾಪದದಲ್ಲಿ. ಚೀನೀ ಭಾಷೆಯಲ್ಲಿ ಕ್ರಿಯಾಪದವು ಕಾಲ, ಲಿಂಗ, ವಚನ, ಪುರುಷ ಯಾವುದಕ್ಕೂ ರೂಪ ಬದಲಿಸುವುದಿಲ್ಲ. ‘ಛ್ಯು’ ಎಂಬ ಒಂದೇ ಪದ ನಾನು ಹೋದೆ, ಅವಳು ಹೋಗುತ್ತಾಳೆ, ಅವರು ಹೋಗುವರು ಎಂಬ ಎಲ್ಲ ಕಡೆಯೂ ನಿಲ್ಲುತ್ತದೆ. ಯಾವಾಗ ಎಂಬುದನ್ನು ನಿನ್ನೆ, ನಾಳೆ ಎಂಬ ಪದಗಳು ಹೇಳುತ್ತವೆ. ಹೀಗಿರುವಾಗ ಮಗು ‘ಯೆಸ್ಟರ್‌ಡೇ ಐ ಗೋ ಟು ದ ಪಾರ್ಕ್’ ಎಂದು ಬರೆದರೆ, ‘ಯೆಸ್ಟರ್‌ಡೇ’ ಎಂದು ಹೇಳಿಯಾದ ಮೇಲೆ ಕ್ರಿಯಾಪದವೂ ಮತ್ತೆ ಅದನ್ನೇ ಏಕೆ ಹೇಳಬೇಕು ಎಂಬುದು ಅದರ ಮನಸ್ಸಿನ ಪ್ರಶ್ನೆ. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಗೌರವದಿಂದ ಉತ್ತರಿಸಬೇಕು. ಅವನು, ಅವಳು, ಅದು ಎಂಬ ಪ್ರಥಮ ಪುರುಷ ಏಕವಚನದ ‘ಎಸ್’ ಬಿಟ್ಟುಹೋಗುವುದಕ್ಕೂ ಕಾರಣ ಇದೇ.

ಚೀನೀ ಭಾಷೆಯ ‘ಲ’ ಎಂಬ ಪುಟ್ಟ ಪದವನ್ನು ಭೂತಕಾಲದ ಗುರುತೆಂದು ಹಲವರು ತಪ್ಪಾಗಿ ತಿಳಿಯುತ್ತಾರೆ. ಅದು ಹೇಳುವುದು ಕ್ರಿಯೆ ಮುಗಿಯಿತು ಎಂಬುದನ್ನು, ಆ ಮುಕ್ತಾಯ ನಾಳೆಯದೂ ಆಗಿರಬಹುದು. ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ‘ನಾಳೆ ಊಟ ಮಾಡಿದ ಮೇಲೆ ಬರುತ್ತೇನೆ’ ಎನ್ನುವಾಗ ಇನ್ನೂ ಮಾಡದ ಊಟಕ್ಕೆ ನಾವೂ ‘ಮಾಡಿದ’ ಎಂಬ ರೂಪವನ್ನೇ ಬಳಸುತ್ತೇವೆ.

ಎರಡನೆಯದು ‘ಆ್ಯಮ್’, ‘ಈಸ್’, ‘ಆರ್’ಗಳ ಸಮಸ್ಯೆ. ನನಗೆ ಸಂತೋಷವಾಗಿದೆ ಎಂಬುದಕ್ಕೆ ಚೀನೀಯರು ‘ವೊ ಹೆನ್ ಗಾವ್‌ಶಿಂಗ್’ ಎನ್ನುತ್ತಾರೆ. ಇಲ್ಲಿ ‘ನಾನು’, ‘ಬಹಳ’, ‘ಸಂತುಷ್ಟ’ ಎಂಬ ಮೂರೇ ಪದಗಳಿದ್ದು, ನಡುವೆ ಕ್ರಿಯಾಪದವಿಲ್ಲ. ಹಾಗಾಗಿ ‘ಐ ವೆರಿ ಹ್ಯಾಪಿ’ ಬರುತ್ತದೆ, ಅದೇ ದಾರಿಯಲ್ಲಿ ‘ಐ ವೆರಿ ಲೈಕ್ ಮ್ಯೂಸಿಕ್’ ಸಹ ಬರುತ್ತದೆ. ಅಧ್ಯಾಪಕರು ಗದರಿಸಿ ತಿದ್ದಿದ ಕೆಲವೇ ದಿನಗಳಲ್ಲಿ ಇದರ ವಿಲೋಮ ಆರಂಭವಾಗಿ, ಮಗು ಎಲ್ಲೆಲ್ಲೂ ‘ಆ್ಯಮ್’ ಸೇರಿಸಿ ‘ಐ ಆ್ಯಮ್ ಲೈಕ್ ಮ್ಯೂಸಿಕ್’ ಎಂದು ಬರೆಯತೊಡಗುತ್ತದೆ. ಈ ಎರಡನೆಯ ತಪ್ಪನ್ನು ಹಿನ್ನಡೆಯೆಂದು ಎಣಿಸದೆ ಕಲಿಕೆಯ ನಡುದಾರಿಯೆಂದು ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯದು ಜೋಡಿ ಅವ್ಯಯಗಳದ್ದು. ಚೀನೀ ಭಾಷೆಯಲ್ಲಿ ‘ಯಿನ್‌ವೇ’ ಎಂದು ಕಾರಣವನ್ನು ತೆರೆದರೆ ‘ಸುವೊಯಿ’ ಎಂದು ಪರಿಣಾಮವನ್ನು ಹೇಳುವುದು, ‘ಸುಯ್‌ರಾನ್’ ಎಂದರೆ ಮುಂದೆ ‘ದಾನ್‌ಶಿ’ ಎನ್ನುವುದು ಸಹಜವಾದ ರೂಢಿ. ಇಂಗ್ಲಿಷ್ ಒಂದನ್ನು ಮಾತ್ರ ಸಹಿಸುತ್ತದೆ. ‘ಬಿಕಾಸ್’ ಇದ್ದಲ್ಲಿ ‘ಸೋ’ ಬೇಡ, ‘ಆಲ್ದೋ’ ಇದ್ದಲ್ಲಿ ‘ಬಟ್’ ಬೇಡ. ಇದಲ್ಲದೆ ‘ಯೋ’ ಎಂಬ ಒಂದೇ ಕ್ರಿಯಾಪದ ಒಡೆತನಕ್ಕೂ ಅಸ್ತಿತ್ವಕ್ಕೂ ಬಳಕೆಯಾಗುವುದರಿಂದ ‘ದೇರ್ ಹ್ಯಾವ್ ಮೆನಿ ಪೀಪಲ್’ ಎಂಬ ವಾಕ್ಯ ಹುಟ್ಟುತ್ತದೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ಉದ್ಯಾನದಲ್ಲಿ ಜನರಿದ್ದಾರೆ’ ಎಂದು ಎರಡಕ್ಕೂ ‘ಇರು’ ಧಾತುವನ್ನೇ ಬಳಸುವ ನಮಗೆ ಆ ಮಗುವಿನ ಗೊಂದಲ ಅಪರಿಚಿತವಾಗಿರಬಾರದು.

‘ಹೀ’ ಮತ್ತು ‘ಶೀ’ಗಳನ್ನು ಜಾಣ ಮಕ್ಕಳೂ ಏಕೆ ಅದಲುಬದಲು ಮಾಡುತ್ತಾರೆ?

ಚೀನೀ ಮಾತಿನಲ್ಲಿ ಅವನು, ಅವಳು, ಅದು ಎಂಬ ಮೂರಕ್ಕೂ ಇರುವ ಉಚ್ಚಾರ ಒಂದೇ: ‘ಥಾ’. ಬರವಣಿಗೆಯಲ್ಲಿ ಬೇರೆ ಬೇರೆ ಅಕ್ಷರಗಳಿವೆಯಾದರೂ ‘ಅವಳು’ ಎಂಬುದಕ್ಕೆ ಪ್ರತ್ಯೇಕ ಅಕ್ಷರ ಬಳಕೆಗೆ ಬಂದದ್ದು 1920ರ ಆಸುಪಾಸಿನಲ್ಲಿ. ಹೀಗಾಗಿ ಬರೆಯುವಾಗ ಸರಿಯಾಗಿ ಬರೆಯುವ ಮಗು ಮಾತನಾಡುವಾಗ ತಪ್ಪುತ್ತದೆ. ಇದಕ್ಕೆ ನಿಯಮದ ವಿವರಣೆ ಅನಗತ್ಯ, ಏಕೆಂದರೆ ನಿಯಮ ಮಗುವಿಗೆ ಗೊತ್ತೇ ಇದೆ. ಅಜ್ಜಿಯ ಕುರಿತು ನಾಲ್ಕು ವಾಕ್ಯ, ಅಪ್ಪನ ಕುರಿತು ನಾಲ್ಕು ವಾಕ್ಯ ಗಟ್ಟಿಯಾಗಿ ಹೇಳಿಸುವ ಬಾಯಿ ಅಭ್ಯಾಸ ಸಾಕು.

ಪದಾಂತ್ಯದ ‘ಎಸ್’, ‘ಡಿ’ಗಳು ಬಿಟ್ಟುಹೋಗುವುದು ವ್ಯಾಕರಣದ ದೋಷವೇ, ಉಚ್ಚಾರದ ದೋಷವೇ?

ಎರಡೂ ಸೇರಿದ ದೋಷ. ಚೀನೀ ರಾಷ್ಟ್ರಭಾಷೆಯಲ್ಲಿ ಒಂದು ಉಚ್ಚಾರಾಂಶವು ಸ್ವರದಲ್ಲಿ ಅಥವಾ ಮೂಗಿನ ಧ್ವನಿಯಲ್ಲಿ ಮುಗಿಯುತ್ತದೆ. ಕೆಲವೆಡೆ ‘ರ’ಕಾರದ ಛಾಯೆ ಬರುವುದನ್ನು ಬಿಟ್ಟರೆ ಬೇರೆ ವ್ಯಂಜನಕ್ಕೆ ಕೊನೆಯಲ್ಲಿ ಜಾಗವಿಲ್ಲ. ಕನ್ನಡದ ಬಾಯಿಯೂ ಇಂಥದ್ದೇ ಇಕ್ಕಟ್ಟನ್ನು ಎದುರಿಸಿ ‘ಬಸ್’ ಅನ್ನು ‘ಬಸ್ಸು’ ಎಂದೂ ‘ಕಾರ್’ ಅನ್ನು ‘ಕಾರು’ ಎಂದೂ ಮಾಡಿಕೊಂಡಿತು. ಚೀನೀ ಮಗು ಕೆಲವೊಮ್ಮೆ ನಮ್ಮಂತೆ ಸ್ವರವನ್ನು ಸೇರಿಸುತ್ತದೆ, ಕೆಲವೊಮ್ಮೆ ಕೊನೆಯ ವ್ಯಂಜನವನ್ನೇ ನುಂಗುತ್ತದೆ. ‘ವಾಕ್ಡ್’ ಎಂಬುದರ ಕೊನೆ ಕಿವಿಗೆ ಬೀಳದಿದ್ದರೆ ಅದು ಕೈಗೂ ಬರುವುದಿಲ್ಲ. ಆದ್ದರಿಂದ ಭೂತಕಾಲದ ಅಭ್ಯಾಸದ ಹಾಳೆಯ ಜೊತೆಗೆ ಕೇಳಿ ಗುರುತಿಸುವ ಅಭ್ಯಾಸವೂ ಇರಲೇಬೇಕು: ಅಧ್ಯಾಪಕರು ‘ದೇ ವಾಕ್ ಹೋಮ್’, ‘ದೇ ವಾಕ್ಡ್ ಹೋಮ್’ ಎಂಬ ವಾಕ್ಯಗಳಲ್ಲಿ ಒಂದನ್ನು ಓದುತ್ತಾರೆ, ಮಗು ಇದು ನಿತ್ಯದ ಮಾತೋ ಕಳೆದುಹೋದದ್ದೋ ಎಂದು ಗುರುತು ಹಾಕುತ್ತದೆ. ಹತ್ತು ವಾಕ್ಯಗಳಿಗೆ ಐದು ನಿಮಿಷವೂ ಬೇಡ, ಆದರೆ ಇದನ್ನು ಮಾಡುವವರು ಕಡಿಮೆ.

ಲಿಪಿಯ ಬಗ್ಗೆಯೂ ಒಂದು ಮಾತು. 1958ರಲ್ಲಿ ಅಂಗೀಕೃತವಾದ ಪಿನ್‌ಯಿನ್ ಪದ್ಧತಿಯಿಂದಾಗಿ ಚೀನೀ ಮಕ್ಕಳು ರೋಮನ್ ಅಕ್ಷರಗಳನ್ನು ಮೊದಲ ತರಗತಿಯಲ್ಲೇ ಬಲ್ಲರು, ಆದರೆ ಬೇರೆ ಧ್ವನಿಗಳೊಂದಿಗೆ. ಅವರಿಗೆ ‘ಕ್ಯೂ’ ಅಕ್ಷರ ಛಕಾರದ ಹತ್ತಿರದ ಧ್ವನಿ, ‘ಸಿ’ ಅಕ್ಷರ ತ್ಸಕಾರದ ಹತ್ತಿರದ ಧ್ವನಿ. ಹೊಸ ಇಂಗ್ಲಿಷ್ ಪದವನ್ನು ಓದುವಾಗ ಈ ಹಳೆಯ ರೂಢಿ ಅಡ್ಡ ಬರುತ್ತದೆ.

ಮೊದಲು ನಿಯಮವನ್ನು ಕಲಿಸಬೇಕೇ, ಮೊದಲು ಓದಿಸಬೇಕೇ?

ಮೊದಲು ಓದಿಸಬೇಕು, ಓದಿನೊಳಗಿಂದ ನಿಯಮವನ್ನು ಎತ್ತಿ ತೋರಿಸಬೇಕು, ಬಳಿಕ ಮತ್ತೆ ಓದಿಗೆ ಮರಳಬೇಕು. ಬಿಡಿ ವಾಕ್ಯಗಳ ನೂರು ಬಿಟ್ಟ ಸ್ಥಳಗಳನ್ನು ತುಂಬಿದ ಮಗು ನೂರೊಂದನೆಯ ವಾಕ್ಯವನ್ನು ತಾನೇ ಬರೆಯಬೇಕಾದಾಗ ತಡವರಿಸುವುದಕ್ಕೆ ಕಾರಣವಿದೆ. ಬಿಡಿ ವಾಕ್ಯದಲ್ಲಿ ಕಾಲವನ್ನು ಆರಿಸುವ ಅಗತ್ಯವೇ ಬರುವುದಿಲ್ಲ. ಪ್ರಶ್ನೆಯ ಮೇಲಿನ ಶೀರ್ಷಿಕೆಯೇ ಇದು ಭೂತಕಾಲದ ಅಭ್ಯಾಸ ಎಂದು ಹೇಳಿಬಿಟ್ಟಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. 7ನೆಯ ತರಗತಿಗೆ ಸುಮಾರು 120 ಪದಗಳ ಒಂದು ಗದ್ಯಭಾಗವನ್ನು ಬರೆಯಿರಿ. ಅಜ್ಜಿ ಪ್ರತಿ ಶನಿವಾರ ಮಾರುಕಟ್ಟೆಗೆ ಹೋಗುತ್ತಾಳೆ. ಕಳೆದ ಶನಿವಾರ ಮಳೆ ಸುರಿದದ್ದರಿಂದ ಮನೆಯಲ್ಲೇ ಉಳಿದಳು. ಈಗ ಅಡುಗೆಮನೆಯಲ್ಲಿ ನಿಂತು, ನಮ್ಮ ಕಡುಬನ್ನು ಹೋಲುವ ಜ್ಯಾವ್‌ತ್ಸುಗಳನ್ನು ಮಡಿಸುತ್ತಿದ್ದಾಳೆ. ಮೂರು ಕಾಲಗಳೂ ಒಂದೇ ಕಥೆಯಲ್ಲಿ ಸಹಜವಾಗಿ ಬಂದವು. ಇನ್ನು ‘ಶನಿವಾರ’ದಂಥ ಸುಳಿವಿನ ಪದಗಳನ್ನು ಬೇಕೆಂದೇ ಕೆಲವೆಡೆ ಬಿಟ್ಟು, ಕ್ರಿಯಾಪದದ ರೂಪವನ್ನು ನೋಡದೆ ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಿ. ‘ಗ್ರ್ಯಾಂಡ್‌ಮಾ ಕುಕ್ಸ್ ಫಿಶ್’ ಎಂದಿದ್ದರೆ ಅದು ರೂಢಿ, ‘ಕುಕ್ಡ್ ಫಿಶ್’ ಎಂದಿದ್ದರೆ ಒಂದು ದಿನದ ಸಂಗತಿ. ಹಾಗಾದರೆ ಇಂದು ಮನೆಗೆ ಬರುವ ಅತಿಥಿ ಮೀನಿನ ಊಟವನ್ನು ನಿರೀಕ್ಷಿಸಬಹುದೇ? ಅರ್ಥವನ್ನೇ ಬದಲಿಸುವ ಆ ಚಿಕ್ಕ ಪ್ರತ್ಯಯದ ಕೆಲಸವನ್ನು ಮಗು ಕಣ್ಣಾರೆ ಕಂಡಾಗ, ಕ್ರಿಯಾಪದವೂ ಏಕೆ ಕಾಲವನ್ನು ಹೇಳಬೇಕು ಎಂಬ ಅದರ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ.

9ನೆಯ ತರಗತಿಯ ಉದ್ದ ವಾಕ್ಯಗಳನ್ನು ಬಿಡಿಸಿ ಓದುವುದನ್ನು ಹೇಗೆ ಕಲಿಸುವುದು?

ಚೀನೀ ಭಾಷೆಯಲ್ಲಿ ನಾಮಪದವನ್ನು ವರ್ಣಿಸುವ ಮಾತೆಲ್ಲವೂ, ಅದು ಎಷ್ಟೇ ಉದ್ದವಾಗಿರಲಿ, ನಾಮಪದಕ್ಕಿಂತ ಮೊದಲೇ ಬರುತ್ತದೆ. ‘ನನ್ನ ಅಣ್ಣ ನಿನ್ನೆ ಕೊಂಡ ಪುಸ್ತಕ’ ಎಂಬ ನಮ್ಮ ಮಾತು ಚೀನೀಯಲ್ಲಿ ‘ವೊ ಗಗ ತ್ಸುವೊಥ್ಯೆನ್ ಮಾಯ್ ದ ಶೂ’ ಎಂದಾಗುತ್ತದೆ, ಪದಕ್ಕೆ ಪದ ಇದೇ ಕ್ರಮದಲ್ಲಿ. ನಮ್ಮ ಕೃದಂತ ‘ಕೊಂಡ’ ಎಂಬುದು ಮಾಡುವ ಕೆಲಸವನ್ನು ಅಲ್ಲಿ ‘ಮಾಯ್ ದ’ ಮಾಡುತ್ತದೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾ ಕುಟುಂಬಗಳು ಇಲ್ಲಿ ಹೀಗೆ ಒಂದಾಗಿರುವುದು ನನಗೆ ಪ್ರತಿ ಬಾರಿಯೂ ಸಂತೋಷ ಕೊಡುವ ವಿಷಯ. ಇಂಗ್ಲಿಷ್ ಮಾತ್ರ ಪುಸ್ತಕವನ್ನು ಮೊದಲಿಟ್ಟು, ‘ದ ಬುಕ್ ದಟ್ ಮೈ ಬ್ರದರ್ ಬಾಟ್ ಯೆಸ್ಟರ್‌ಡೇ’ ಎಂದು ವರ್ಣನೆಯನ್ನು ಹಿಂದಕ್ಕೆ ತಳ್ಳುತ್ತದೆ. ಅದರ ಮುಂದೆ ‘ಈಸ್ ಆನ್ ದ ಟೇಬಲ್’ ಎಂದು ಬಂದಾಗ, ಮೇಜಿನ ಮೇಲಿರುವುದು ಯಾವುದು ಎಂಬ ಎಳೆ ಮಗುವಿನ ಕೈತಪ್ಪಿರುತ್ತದೆ.

ಇದಕ್ಕೆ ಪೆನ್ಸಿಲ್ಲೇ ಔಷಧ. ಮೊದಲು ವಾಕ್ಯದ ಎಲ್ಲ ಕ್ರಿಯಾಪದಗಳಿಗೆ ಗೆರೆ ಎಳೆಯಿಸಿ. ‘ದಟ್’, ‘ಹೂ’, ‘ವಿಚ್’ ಕಂಡಲ್ಲಿ ಆವರಣ ತೆರೆಯಿಸಿ. ಎರಡನೆಯ ಕ್ರಿಯಾಪದಕ್ಕಿಂತ ಮೊದಲೇ ಆವರಣ ಮುಚ್ಚಿಸಿ. ಆವರಣದ ಹೊರಗೆ ಉಳಿದದ್ದನ್ನು ಓದಿದರೆ ಬೆನ್ನೆಲುಬಿನಂಥ ವಾಕ್ಯ ಸಿಗುತ್ತದೆ. ನಂತರ ಅದನ್ನು ಮಗು ಚೀನೀಯಲ್ಲಿ ಹೇಳಲಿ, ಆಗ ವರ್ಣನೆ ತಾನಾಗಿ ಮುಂದಕ್ಕೆ ಬರುವುದನ್ನು ಅದು ಗಮನಿಸುತ್ತದೆ. ತರಗತಿಯಲ್ಲಿ ಮನೆಮಾತನ್ನು ನಿಷೇಧಿಸುವವರು ಈ ಹೋಲಿಕೆಯ ಲಾಭವನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ವಾರಕ್ಕೆ ಇಂಥ ಐದು ವಾಕ್ಯ ಸಾಕು.

ಬಿಟ್ಟ ಸ್ಥಳ ತುಂಬುವ ಕಥೆಗಳಿಗೆ ಸಿದ್ಧತೆ ಹೇಗಿರಬೇಕು?

ಸಾಮಾನ್ಯವಾಗಿ ಇಂಥ ಕಥೆಯಲ್ಲಿ 10ರಿಂದ 15 ಸ್ಥಳಗಳು ಖಾಲಿ ಇದ್ದು, ಪ್ರತಿಯೊಂದಕ್ಕೂ ಮೂರು ಅಥವಾ ನಾಲ್ಕು ಆಯ್ಕೆಗಳಿರುತ್ತವೆ. ಮಕ್ಕಳು ಮಾಡುವ ದೊಡ್ಡ ತಪ್ಪೆಂದರೆ ಮೊದಲ ಖಾಲಿ ಜಾಗ ಕಂಡ ಕೂಡಲೇ ನಿಂತು ಆಯ್ಕೆಗಳತ್ತ ನೋಡುವುದು. ಮೊದಲ ಸಲ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಇಡೀ ಕಥೆಯನ್ನು ಓದಿಸಬೇಕು. ಯಾರಿಗೆ ಏನಾಯಿತು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಿಸಬೇಕು. ಆಮೇಲೆ ಆಯ್ಕೆಗಳನ್ನು ತೆರೆಯಬೇಕು. ಹಲವು ಖಾಲಿ ಜಾಗಗಳ ಉತ್ತರ ನಾಲ್ಕಾರು ಸಾಲುಗಳ ಮುಂದೆ ಇರುತ್ತದೆ, ಆದ್ದರಿಂದ ಸಾಲಿನಿಂದ ಸಾಲಿಗೆ ತುಂಬುತ್ತಾ ಹೋಗುವ ಮಗು ಜಾಣನಾಗಿದ್ದರೂ ಅಂಕ ಕಳೆದುಕೊಳ್ಳುತ್ತದೆ.

ಮುಂಜಾನೆಯ ಬಾಯಿಪಾಠ ಪ್ರಯೋಜನಕಾರಿಯೇ?

ಚೀನಾದ ಶಾಲೆಗಳಲ್ಲಿ ಪಾಠಗಳು ಆರಂಭವಾಗುವ ಮುನ್ನ ‘ತ್ಸಾವ್‌ದು’ ಎಂಬ ಗಟ್ಟಿ ಓದಿನ ಅವಧಿ ಇರುತ್ತದೆ. ಹೊರಗಿನಿಂದ ಬಂದವರು ಇದನ್ನು ಉರು ಹೊಡೆಯುವುದೆಂದು ಹೀಗಳೆಯುವುದುಂಟು, ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಕಿವಿಗೆ ಬೀಳದ ಊರಿನಲ್ಲಿ ಮಗುವಿನ ಸ್ವಂತ ಧ್ವನಿಯೇ ಅದಕ್ಕೆ ಸಿಗುವ ಇಂಗ್ಲಿಷ್. ಪದಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಅರ್ಥವಾದ ಒಂದು ಪುಟ್ಟ ಗದ್ಯಭಾಗವನ್ನು ಮಾಡಿಸಿದರೆ ವಾಕ್ಯದ ಲಯ, ಆರ್ಟಿಕಲ್‌ಗಳ ಜಾಗ, ಕ್ರಿಯಾಪದದ ಕೊನೆ ಎಲ್ಲವೂ ನಾಲಿಗೆಗೆ ಕೂರುತ್ತವೆ. ಅಲ್ಲಿನ ಮಕ್ಕಳು ಇಟ್ಟುಕೊಳ್ಳುವ ‘ತ್ಸುವೊತಿಬೆನ್’ ಎಂಬ ತಪ್ಪುಗಳ ಪುಸ್ತಕವೂ ಒಳ್ಳೆಯ ಪದ್ಧತಿ, ತಪ್ಪಿನ ಪಕ್ಕದಲ್ಲಿ ಸರಿಯುತ್ತರದ ಜೊತೆಗೆ ಅದರ ಕಾರಣವನ್ನೂ ಬರೆಯಿಸುವುದಾದರೆ.

ಪಠ್ಯಪುಸ್ತಕದ ಹೊರಗೆ ಎಷ್ಟು ಓದಬೇಕು, ಯಾವ ವಿಷಯಗಳನ್ನು ಓದಬೇಕು?

2011ರ ಪಠ್ಯಕ್ರಮವು 9ನೆಯ ತರಗತಿ ಮುಗಿಯುವಷ್ಟರಲ್ಲಿ ಪಠ್ಯೇತರ ಓದು ಒಟ್ಟು 1,50,000 ಪದಗಳನ್ನು ದಾಟಬೇಕೆಂದು ಹೇಳಿತ್ತು. ಮೂರು ವರ್ಷಗಳಿಗೆ ಹಂಚಿದರೆ ದಿನಕ್ಕೆ ಸುಮಾರು 140 ಪದಗಳು, ಅಂದರೆ ಒಂದು ಚಿಕ್ಕ ಪುಟ. ಬೆದರಿಸುವಂತೆ ಕಾಣುವ ಗುರಿಯನ್ನು ಹೀಗೆ ದಿನದ ಲೆಕ್ಕಕ್ಕಿಳಿಸಿ ಹೇಳಿದರೆ ಮಕ್ಕಳು ಧೈರ್ಯಗೊಳ್ಳುತ್ತಾರೆ.

ವಿಷಯಗಳು ಅವರ ಬದುಕಿಗೆ ಹತ್ತಿರವಾಗಿರಲಿ: ವಸಂತೋತ್ಸವಕ್ಕೆ ಊರಿಗೆ ಮರಳುವ ರೈಲು ಪ್ರಯಾಣ, ಕಾಗದ ಕತ್ತರಿಸಿ ಮಾಡುವ ಚಿತ್ತಾರ, ಡ್ರ್ಯಾಗನ್ ದೋಣಿಗಳ ಸ್ಪರ್ಧೆ. ತನ್ನ ನಾಡಿನ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಬಲ್ಲ ಶಕ್ತಿಯನ್ನು 2022ರ ಪಠ್ಯಕ್ರಮವೂ ಬಯಸುತ್ತದೆ. ಸಂಖ್ಯೆಗಳಿರುವ ಗದ್ಯಭಾಗವನ್ನು ತಿಂಗಳಿಗೊಮ್ಮೆಯಾದರೂ ಕೊಡಬೇಕು. ಚೀನೀಯರು ‘ವಾನ್’ ಎಂಬ ಹತ್ತು ಸಾವಿರದ ಮೇಲೆ ಎಣಿಕೆ ಕಟ್ಟುತ್ತಾರೆ, ನಾವು ಲಕ್ಷ, ಕೋಟಿಗಳ ಮೇಲೆ ಕಟ್ಟುವಂತೆ. ‘ಮಿಲಿಯನ್’, ‘ಬಿಲಿಯನ್’ ಎಂದಾಗ ಇಬ್ಬರೂ ಬೆರಳು ಮಡಚಬೇಕಾಗುತ್ತದೆ.

ಕರ್ನಾಟಕದಲ್ಲಿ ಕುಳಿತು ಚೀನಾದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಬಹುದೇ?

ಚೀನಾದ ತರಬೇತಿ ಸಂಸ್ಥೆಗಳ ಮೂಲಕ ಸಾಧ್ಯವಿಲ್ಲವೆಂದೇ ತಿಳಿಯಬೇಕು. 2021ರ ಜುಲೈನಲ್ಲಿ ಬಂದ ‘ಇಮ್ಮಡಿ ಇಳಿಕೆ’ ನೀತಿಯು ಶಾಲಾ ವಿಷಯಗಳ ಖಾಸಗಿ ಟ್ಯೂಷನ್ನನ್ನು ಬಿಗಿಯಾಗಿ ನಿರ್ಬಂಧಿಸಿತು, ವಾರಾಂತ್ಯ ಮತ್ತು ರಜೆಗಳಲ್ಲಿ ಅಂಥ ತರಗತಿಗಳನ್ನು ನಿಷೇಧಿಸಿತು ಹಾಗೂ ದೇಶದ ಹೊರಗಿರುವ ವಿದೇಶಿಯರನ್ನು ತರಬೇತಿಗಾಗಿ ನೇಮಿಸಿಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳಿತು. ಅದೇ ನೀತಿ ಕಿರಿಯ ಮಾಧ್ಯಮಿಕ ಮಕ್ಕಳ ಲಿಖಿತ ಮನೆಗೆಲಸ ಎಲ್ಲ ವಿಷಯಗಳೂ ಸೇರಿ ದಿನಕ್ಕೆ ಸರಾಸರಿ 90 ನಿಮಿಷ ಮೀರಬಾರದೆಂದೂ ವಿಧಿಸಿದೆ. ಅಲ್ಲಿನ ಶಾಲೆಗಳಲ್ಲಿ ಕೆಲಸ ಮಾಡುವ ಕನ್ನಡಿಗ ಅಧ್ಯಾಪಕರು ಇದನ್ನು ಗಮನಿಸಿ, ಒಂದು ದಿನದ ಇಂಗ್ಲಿಷ್ ಹಾಳೆಯನ್ನು 15ರಿಂದ 20 ನಿಮಿಷಕ್ಕೆ ಮುಗಿಯುವಂತೆ ಮಾಡಬೇಕು: ಒಂದು ಗದ್ಯಭಾಗ, ನಾಲ್ಕು ಪ್ರಶ್ನೆ, ಮಗು ತಾನೇ ಬರೆಯುವ ಎರಡು ವಾಕ್ಯ.

ಇದೇ ಹಾಳೆಗಳನ್ನು ಕನ್ನಡ ಮಾಧ್ಯಮದ ಮಕ್ಕಳಿಗೂ ಕೊಡಬಹುದೇ?

ಭಾಗಶಃ ಕೊಡಬಹುದು. ಆರ್ಟಿಕಲ್‌ಗಳು ಎರಡೂ ಭಾಷೆಗಳಲ್ಲಿಲ್ಲ. ನಾಮಪದದ ವರ್ಣನೆ ಎರಡರಲ್ಲೂ ನಾಮಪದಕ್ಕಿಂತ ಮೊದಲು ಬರುತ್ತದೆ. ‘ಆರಂಟ್ ಯು ಕಮಿಂಗ್?’ ಎಂದು ಕೇಳಿದಾಗ ಬಾರದವನು ‘ಹೌದು, ಬರುವುದಿಲ್ಲ’ ಎಂಬ ಅರ್ಥದಲ್ಲಿ ‘ಯೆಸ್’ ಎನ್ನುವುದು ಎರಡೂ ಕಡೆಯ ಮಕ್ಕಳ ರೂಢಿ. ಈ ಮೂರು ವಿಷಯಗಳ ಅಭ್ಯಾಸವನ್ನು ಹಾಗೆಯೇ ಬಳಸಬಹುದು. ಆದರೆ ‘ಹೋದನು’, ‘ಹೋಗುತ್ತಾಳೆ’ ಎಂದು ಕಾಲ, ಲಿಂಗ, ವಚನಗಳನ್ನೆಲ್ಲ ಕ್ರಿಯಾಪದಕ್ಕೇ ಅಂಟಿಸಿ ಮಾತನಾಡುವ ನಮ್ಮ ಮಕ್ಕಳಿಗೆ ಕ್ರಿಯಾಪದ ಬದಲಾಗುತ್ತದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ, ‘ಹೀ’ ಮತ್ತು ‘ಶೀ’ಗಳ ಗೊಂದಲವೂ ಅವರಿಗಿಲ್ಲ. ಅವರಿಗೆ ಕಷ್ಟವಾಗುವುದು ಪದಗಳ ಕ್ರಮ, ಏಕೆಂದರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕರ್ತೃ, ಕ್ರಿಯೆ, ಕರ್ಮ ಎಂಬ ಇಂಗ್ಲಿಷಿನ ಕ್ರಮವೇ ಇರುವ ಚೀನೀ ಮಗುವಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ವಿಭಕ್ತಿ ಪ್ರತ್ಯಯಗಳಿಗೆ ಒಗ್ಗಿದ ನಮ್ಮ ಮಕ್ಕಳಿಗೆ ‘ಇನ್’, ‘ಆನ್’, ‘ಅಟ್’ಗಳಂತೆ ನಾಮಪದದ ಮುಂದೆ ನಿಲ್ಲುವ ಪದಗಳ ಅಭ್ಯಾಸವನ್ನು ಪ್ರತ್ಯೇಕವಾಗಿ ತಯಾರಿಸಬೇಕಾಗುತ್ತದೆ.